ಖಾಲಿ ದೋಸೆಯ ಮೇಲೊಂದು ಸಾಮ್ರಾಜ್ಯ

2025ರ ದೀಪಾವಳಿ ಮುಗಿದ ಮೊದಲ ಭಾನುವಾರ. ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬೆಣ್ಣೆ ದೋಸೆಯ ಹೋಟೆಲಿಗೆ ಹೋಗುವವರು ಎರಡು ಬಗೆ: ಊರಿಗೆ ಹೊಸಬರು, ಇಲ್ಲವೇ ಹಸಿವಿಗಿಂತ ಮಾತು ಹೆಚ್ಚಿರುವವರು. ನಾವು ಎರಡನೆಯವರು. ಗಲ್ಲಾದಲ್ಲಿ ಕೊಟ್ಟ ತಗಡಿನ ಬಿಲ್ಲೆಯ ಮೇಲೆ 61 ಎಂದಿತ್ತು. ಒಳಗೆ ಕೂಗುತ್ತಿದ್ದುದು 38. ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತೆವು.

"ಇನ್ನು ಒಂಬತ್ತು ದಿನ" ಎಂದ ರಫೀಕ್.

"ದೋಸೆಗೆ?" ಎಂದು ಶಿವು ಗಾಬರಿಯಾದ.

ದೋಸೆಗಲ್ಲ. ನವೆಂಬರ್ 4ರ ಮಂಗಳವಾರ ಬಿಡುಗಡೆಯಾಗಲಿದ್ದ 'ಯುರೋಪಾ ಯೂನಿವರ್ಸಾಲಿಸ್ 5' ಎಂಬ ಕಂಪ್ಯೂಟರ್ ಆಟಕ್ಕೆ. ಇದರಲ್ಲಿ ಓಡುವುದು, ಜಿಗಿಯುವುದು, ಗುಂಡು ಹಾರಿಸುವುದು ಯಾವುದೂ ಇಲ್ಲ. ಪರದೆಯ ತುಂಬ ಪ್ರಪಂಚದ ಭೂಪಟ. ಅದರಲ್ಲಿ ಒಂದು ರಾಜ್ಯ ನಿಮ್ಮದು. ತೆರಿಗೆ, ಬೀಗತನ, ಸಾಲ, ದಂಗೆ, ಬರ, ಯುದ್ಧ ಎಲ್ಲವನ್ನೂ ನಿಭಾಯಿಸಿಕೊಂಡು ಸುಮಾರು ಐನೂರು ವರ್ಷ ಅದನ್ನು ಬಾಳಿಸಬೇಕು. ಕಾಲ ತಾನಾಗಿ ಓಡುತ್ತಿರುತ್ತದೆ. ತಲೆ ಕೆಟ್ಟಾಗ ನಿಲ್ಲಿಸಿಕೊಳ್ಳಬಹುದು. ನನ್ನ ಹೆಂಡತಿ ಒಮ್ಮೆ ಹತ್ತು ನಿಮಿಷ ಹಿಂದೆ ನಿಂತು ನೋಡಿ, "ಇದು ತಹಶೀಲ್ದಾರರ ಕೆಲಸವಲ್ಲವೇ? ಸಂಬಳವಿಲ್ಲದೆ ಯಾಕೆ ಮಾಡುತ್ತೀರಿ?" ಎಂದು ಕೇಳಿದ್ದಳು. ಉತ್ತರ ಇನ್ನೂ ಹೊಳೆದಿಲ್ಲ.

ಇದರ ನಾಲ್ಕನೆಯ ಭಾಗ ಬಂದದ್ದು 2013ರ ಆಗಸ್ಟ್‌ನಲ್ಲಿ. ಆಗ ನಮ್ಮಲ್ಲಿ ಯಾರಿಗೂ ಮದುವೆಯಾಗಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ನಮ್ಮೆಲ್ಲರಿಗೂ ಸೇರಿ ಏಳು ಮಕ್ಕಳಾದರು. ಆಟಕ್ಕೆ ಇಪ್ಪತ್ತಕ್ಕೂ ಹೆಚ್ಚು ಡಿಎಲ್‌ಸಿಗಳಾದವು.

"ಡಿಎಲ್‌ಸಿ ಎಂದರೆ?" ಕಟ್ಟೆಯ ತುದಿಯಲ್ಲಿ ಕುಳಿತಿದ್ದ ಅಜ್ಜ ಕೇಳಿದರು. ಬಿಳಿ ಟೋಪಿ, ಮಡಿಲಲ್ಲಿ ಕೈಚೀಲ, ಬಿಲ್ಲೆ ಸಂಖ್ಯೆ 62. "ಡಿಸಿಸಿ ಬ್ಯಾಂಕಿನ ಥರದ್ದೇ?"

ವೀಣಾ ಲೆಕ್ಕಪತ್ರ ನೋಡುವವಳು, ಬಿಡಿಸಿ ಹೇಳುವುದರಲ್ಲಿ ನಿಸ್ಸೀಮಳು. "ಇಲ್ಲ ಅಜ್ಜಾ. ಮೊದಲು ಆಟ ಮಾರುತ್ತಾರೆ. ಆಮೇಲೆ ಆ ಆಟಕ್ಕೆ ಬೇಕಾದದ್ದನ್ನೆಲ್ಲ ಒಂದೊಂದೇ ಮಾರುತ್ತಾರೆ."

"ಸೈಟು ಮಾರಿ, ನೀರಿಗೆ ಬೇರೆ, ಕರೆಂಟಿಗೆ ಬೇರೆ, ಚರಂಡಿಗೆ ಬೇರೆ ತೆಗೆದುಕೊಳ್ಳುತ್ತಾರಲ್ಲ, ಹಾಗೆ."

"ಥೇಟ್ ಹಾಗೇ."

ಅಜ್ಜ ಮುಂದೆ ಏನೂ ಕೇಳಲಿಲ್ಲ. ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗಿತ್ತು.

ಈ ಸಲದ ಕಾಯುವಿಕೆ ವಿಚಿತ್ರವಾಗಿತ್ತು. ಸ್ಪೇನಿನ ಬಾರ್ಸಿಲೋನಾ ಹತ್ತಿರದ ಸಿಟ್ಜೆಸ್ ಎಂಬ ಕಡಲತೀರದ ಊರಿನಲ್ಲಿ 'ಪ್ಯಾರಡಾಕ್ಸ್ ಟಿಂಟೊ' ಎಂಬ ತಂಡ ಇದನ್ನು ಕಟ್ಟುತ್ತಿತ್ತು. 2024ರ ಫೆಬ್ರವರಿ ಕೊನೆಯಿಂದ ಪ್ರತಿ ಬುಧವಾರ ಆಟದ ಒಂದೊಂದು ಅಂಗದ ಬಗ್ಗೆ ಉದ್ದನೆಯ ಬರಹ ಪ್ರಕಟಿಸುತ್ತಿದ್ದರು. ಆದರೆ ಆಟದ ಹೆಸರು ಮಾತ್ರ ಹೇಳುತ್ತಿರಲಿಲ್ಲ. 'ಪ್ರಾಜೆಕ್ಟ್ ಸೀಸರ್' ಎಂದಷ್ಟೇ ಬರೆಯುತ್ತಿದ್ದರು. ಓದುವವರಿಗೆಲ್ಲ ಅದು ಯಾವ ಆಟವೆಂದು ಗೊತ್ತು. ಬರೆಯುವವರಿಗೆ, ಓದುವವರಿಗೆ ಗೊತ್ತೆಂದು ಗೊತ್ತು. ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ 'ನಮ್ಮ ಮನೆಯವರು' ಎನ್ನುತ್ತಿದ್ದರಲ್ಲ, ಅದೇ ನಾಚಿಕೆ. ಕೊನೆಗೆ 2025ರ ಮೇ ತಿಂಗಳಿನಲ್ಲಿ ಒಗಟು ಹೇಳಿ ಹೆಸರು ಬಾಯಿಬಿಟ್ಟರು.

ಶುಕ್ರವಾರಗಳಂದು ಭೂಪಟ. ಒಂದೊಂದು ಸೀಮೆಯ ನಕ್ಷೆ ಹಾಕಿ, ತಪ್ಪಿದ್ದರೆ ತಿಳಿಸಿ ಎಂದು ಕೇಳುತ್ತಿದ್ದರು. ಇದೇ ತಿಪ್ಪೇಸ್ವಾಮಿಯನ್ನು ಕೆಡಿಸಿದ್ದು. ಅವನು ಚಿತ್ರದುರ್ಗದವನು, ಪ್ರತಿ ಭಾನುವಾರ ದೋಸೆಗಾಗಿ ಬಸ್ಸು ಹತ್ತಿ ಬರುತ್ತಾನೆ. ದುರ್ಗವನ್ನು ಬಿಟ್ಟರೆ ಇತಿಹಾಸವೇ ಇಲ್ಲ ಎಂಬುದು ಅವನ ಸಿದ್ಧಾಂತ. ದುರ್ಗಕ್ಕೆ ಭೂಪಟದಲ್ಲಿ ಸಿಗಬೇಕಾದ ಮರ್ಯಾದೆಯ ಕುರಿತು ಎರಡು ಪುಟದ ಅರ್ಜಿ ತಯಾರಿಸಿ ಮಂಜುನಾಥನಿಗೆ ತೋರಿಸಿದ. ಮಂಜುನಾಥ ಹರಿಹರದಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ಕೆಂಪು ಪೆನ್ನು ಸದಾ ಜೇಬಿನಲ್ಲಿ.

"ಆಟ ಶುರುವಾಗುವುದು 1337ರಲ್ಲಿ" ಎಂದ ಮೇಷ್ಟ್ರು. "ಆಗ ನಿನ್ನ ಊರಿಗೆ ಬೆಮ್ಮತ್ತನಕಲ್ಲು ಎಂದು ಹೆಸರು. ನಾಯಕರು ಬರುವುದಕ್ಕೆ ಇನ್ನೂ ಇನ್ನೂರು ವರ್ಷ ಮೇಲೆ ಬೇಕು. ಮದಕರಿಗಾಗಿ ಅರ್ಜಿ ಹಾಕಿದರೆ, ಹುಟ್ಟದ ಮಗುವಿಗೆ ಆಧಾರ್ ಕೇಳಿದಂತೆ."

"ಏಳು ಸುತ್ತಿನ ಕೋಟೆ..."

"ಅದೂ ಒಂದೇ ಕಂತಿನಲ್ಲಿ ಬಂದದ್ದಲ್ಲ. ಸುತ್ತಿನ ಮೇಲೆ ಸುತ್ತು, ತಲೆಮಾರಿನ ಮೇಲೆ ತಲೆಮಾರು ಕಟ್ಟಿದ್ದು. ಅದೇ ದೊಡ್ಡ ಡಿಎಲ್‌ಸಿ."

ತಿಪ್ಪೇಸ್ವಾಮಿ ತಿರುಗಿಬಿದ್ದ. "ಡಿಎಲ್‌ಸಿ ಎಂದರೆ ನಿಮ್ಮ ದಾವಣಗೆರೆ. 1997ರ ಆಗಸ್ಟ್ 15ರವರೆಗೆ ನೀವು ನಮ್ಮ ಜಿಲ್ಲೆಯೇ. ಮೂಲ ಆಟ ಚಿತ್ರದುರ್ಗ. ಅದರಿಂದಲೇ ಕಿತ್ತು ಹೊಸ ಪೊಟ್ಟಣ ಮಾಡಿ, ಹೊನ್ನಾಳಿ, ಚನ್ನಗಿರಿಯನ್ನು ಶಿವಮೊಗ್ಗದಿಂದ, ಹರಪನಹಳ್ಳಿಯನ್ನು ಬಳ್ಳಾರಿಯಿಂದ ಸೇರಿಸಿ ಬಿಟ್ಟರು."

"ಆ ಹರಪನಹಳ್ಳಿಯನ್ನೂ 2018ರಲ್ಲಿ ವಾಪಸ್ಸು ತೆಗೆದುಕೊಂಡರಲ್ಲ" ಎಂದು ನಾನು ನೊಂದು ಹೇಳಿದೆ. ನನ್ನ ಅತ್ತೆಯ ಮನೆ ಅಲ್ಲಿಯೇ. ಮದುವೆಯಾದಾಗ ದಾವಣಗೆರೆ ಜಿಲ್ಲೆಯ ಅಳಿಯನಾಗಿದ್ದವನು, ಕುಳಿತಲ್ಲಿಯೇ ಬಳ್ಳಾರಿಯ ಅಳಿಯನಾದೆ. 2021ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಈಗ ವಿಜಯನಗರದ ಅಳಿಯ. ಒಂದು ಕತ್ತಿಯನ್ನೂ ಎತ್ತದೆ ವಿಜಯನಗರ ತಲುಪಿದವನು ನಾನೊಬ್ಬನೇ ಇರಬೇಕು. ಆಟದಲ್ಲಿ ಆರುನೂರು ಗಂಟೆ ಆಡಿಯೂ ನಾನು ಕೃಷ್ಣೆಯನ್ನು ದಾಟಿಲ್ಲ ಎಂಬುದು ಬೇರೆ ಮಾತು. ನಾಲ್ಕನೆಯ ಭಾಗ 1444ರ ನವೆಂಬರ್ 11ಕ್ಕೆ, ಯುರೋಪಿನ ವಾರ್ನಾ ಯುದ್ಧದ ಮರುದಿನ ಶುರುವಾಗುತ್ತದೆ. ಆಗ ಪ್ರೌಢದೇವರಾಯನ ಕಾಲ. ಪ್ರತಿ ಸಲ ಅವನ ರಾಜ್ಯ ಹಿಡಿದು, ಪ್ರತಿ ಸಲ ಬಹಮನಿಯ ಮೇಲೆ ಬಿದ್ದು, ಪ್ರತಿ ಸಲ ಸಾಲಗಾರನಾಗಿ ದಿವಾಳಿ ಎದ್ದಿದ್ದೇನೆ.

"ಈ ಸಲ ನಿನಗೆ ಒಳ್ಳೆಯ ಕಾಲ" ಎಂದು ಮೇಷ್ಟ್ರು ಸಮಾಧಾನ ಮಾಡಿದ. "1337ರಲ್ಲಿ ಬಹಮನಿ ಹುಟ್ಟಿಯೇ ಇಲ್ಲ. ಅದು 1347ರ ಕೂಸು. ಹತ್ತು ವರ್ಷ ಸಿಗುತ್ತದೆ."

"ಹಕ್ಕ ಬುಕ್ಕರು?"

"ರೂಢಿಯ ಲೆಕ್ಕದಲ್ಲಿ 1336ರಲ್ಲಿ ರಾಜ್ಯ ಕಟ್ಟಿದ್ದು. ಅಂದರೆ ಕೆಲಸಕ್ಕೆ ಸೇರಿ ಒಂದು ವರ್ಷ. ಇನ್ನೂ ಪ್ರೊಬೇಷನ್‌ನಲ್ಲಿದ್ದಾರೆ. ಪಕ್ಕದಲ್ಲಿ ಹೊಯ್ಸಳರ ಮುಮ್ಮಡಿ ಬಲ್ಲಾಳ ಇನ್ನೂ ನಿವೃತ್ತಿಯಾಗಿಲ್ಲ. ಅವನು ಸಾಯುವವರೆಗೆ ಕಚೇರಿಯಲ್ಲಿ ಇಬ್ಬರು ಸಾಹೇಬರು."

"ಆಟ ಶುರುವಾಗುವ ತಾರೀಖು ಏಪ್ರಿಲ್ 1" ಎಂದ ರಫೀಕ್. ಶಿವು ಏಪ್ರಿಲ್ ಫೂಲ್ ಎಂದು ನಕ್ಕ. ವೀಣಾ ಮಾತ್ರ ಮೆಚ್ಚಿಕೊಂಡಳು. "ಹೊಸ ಹಣಕಾಸು ವರ್ಷ. ಲೆಕ್ಕ ಬಲ್ಲವರು ಯಾರೋ ಇದ್ದಾರೆ."

ಒಳಗಿನಿಂದ 49 ಎಂದು ಕೂಗಿದರು. ಮೇಷ್ಟ್ರು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ದೆಹಲಿಯಲ್ಲಿ ಆಗ ಮಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದುದನ್ನೂ, ಅವನು ಬೆಳ್ಳಿಯ ಟಂಕಕ್ಕೆ ಬದಲಾಗಿ ತಾಮ್ರ, ಹಿತ್ತಾಳೆಯ ಬಿಲ್ಲೆ ಹೊರಡಿಸಿದ್ದನ್ನೂ, ಜನ ಮನೆಮನೆಯಲ್ಲಿ ಬಿಲ್ಲೆ ಹೊಡೆಯತೊಡಗಿದ್ದನ್ನೂ ಪಾಠದ ಧಾಟಿಯಲ್ಲಿ ಹೇಳಿದ. ಶಿವು ಬಿಲ್ಲೆಯನ್ನು ಕಸಿದುಕೊಂಡು ಎರಡೂ ಕಡೆ ನೋಡಿ, "ರಫೀಕ್, ನಿನ್ನ ಅಂಗಡಿಯಲ್ಲಿ 50 ಎಂದು ಒಂದು ಮಾಡಬಹುದೇ?" ಎಂದ.

ರಫೀಕ್‌ನ ರಿಪೇರಿ ಅಂಗಡಿ ಪಿ.ಬಿ. ರಸ್ತೆಗೆ ಹತ್ತಿಕೊಂಡ ಗಲ್ಲಿಯಲ್ಲಿದೆ. ಅವನು ಈಗಾಗಲೇ ಹೊಸ ಆಟದ ಹೆಚ್ಚು ಬೆಲೆಯ ಆವೃತ್ತಿಗೆ ದುಡ್ಡು ಕಟ್ಟಿದ್ದ. ಬರಿಯ ಆಟಕ್ಕೆ ಆಗ ಅಮೆರಿಕದ ಬೆಲೆ 59.99 ಡಾಲರ್ ಇತ್ತು, ಮೇಲೆ ಇನ್ನಷ್ಟು ಕೊಟ್ಟರೆ 2026ರಲ್ಲಿ ಬರಲಿದ್ದ ಮೂರು ವಿಸ್ತರಣೆಗಳು ಸೇರಿಯೇ ಬರುತ್ತಿದ್ದವು.

"ಏನೇನು?" ಎಂದಳು ವೀಣಾ.

"ಬೈಜಾಂಟಿಯಂ ಒಂದು. ಜಿಬ್ರಾಲ್ಟರ್ ಜಲಸಂಧಿಯ ಆಚೀಚೆಯದು ಒಂದು. ಸ್ಕಾಟ್ಲೆಂಡ್ ಮತ್ತು ಫ್ರಾನ್ಸ್‌ನ ಹಳೆಯ ದೋಸ್ತಿಯದು ಒಂದು."

"ನಮ್ಮದು?"

ರಫೀಕ್ ಹೋಟೆಲಿನ ಬಾಗಿಲಿನತ್ತ ನೋಡಿದ.

"ನಾಲ್ಕನೆಯ ಭಾಗದಲ್ಲಿ ಭಾರತದ ಡಿಎಲ್‌ಸಿ 'ಧರ್ಮ' ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಐದು ವರ್ಷವಾದ ಮೇಲೆ" ಎಂದು ನಾನು ನೆನಪಿಸಿದೆ. "ಇದೇ ಕಂಪನಿಯ ಇನ್ನೊಂದು ಆಟ 'ಕ್ರುಸೇಡರ್ ಕಿಂಗ್ಸ್ 2' ವಾಸಿ. ಅದು 2012ರಲ್ಲಿ ಬಂತು, ಎರಡೇ ವರ್ಷಕ್ಕೆ 'ರಾಜಾಸ್ ಆಫ್ ಇಂಡಿಯಾ' ಬಂತು."

ವೀಣಾ ಬೆರಳು ಮಡಚಿದಳು. "ಐದು ವರ್ಷ ಎಂದರೆ 2030. ಆ ವರ್ಷ ನನ್ನ ಮಗಳು ಎಸ್‌ಎಸ್‌ಎಲ್‌ಸಿ. ಮನೆಯಲ್ಲಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಡಬೇಕು. ಹಾಗಾಗಿ 2031. ಆಗ ನನ್ನ ಕನ್ನಡಕದ ನಂಬರು ಎಷ್ಟಾಗಿರುತ್ತದೋ, ಭೂಪಟದಲ್ಲಿ ತುಂಗಭದ್ರೆ ಕಾಣಿಸುತ್ತದೋ ಇಲ್ಲವೋ."

"ಅದಕ್ಕೇ ನಾನು ಕೊಳ್ಳುವುದೇ ಇಲ್ಲ" ಎಂದ ಶಿವು. ಅವನ ಮನೆಯಲ್ಲಿ ಮಂಡಕ್ಕಿ ಭಟ್ಟಿ ಇದೆ. ಉಬ್ಬಿದ್ದಕ್ಕೂ ತೂಕಕ್ಕೂ ಸಂಬಂಧವಿಲ್ಲವೆಂಬುದು ಅವನಿಗೆ ಹುಟ್ಟಿನಿಂದ ಬಂದ ಜ್ಞಾನ. "ಐದು ವರ್ಷ ಕಾಯುತ್ತೇನೆ. ಎಲ್ಲ ಸೇರಿಸಿ ರಿಯಾಯಿತಿಯಲ್ಲಿ ಕೊಡುತ್ತಾರೆ. ಆಗ ಕೊಳ್ಳುತ್ತೇನೆ. ಮೇಲಾಗಿ ಅದಕ್ಕೆ ಕನಿಷ್ಠ 16 ಜಿಬಿ ರ್‍ಯಾಮ್ ಬೇಕಂತೆ. ನನ್ನದು 8. ನನ್ನ ಲ್ಯಾಪ್‌ಟಾಪ್ ಆ ಆಟದ ಜಾಹೀರಾತು ನೋಡಿದರೇ ಬಿಸಿಯಾಗುತ್ತದೆ."

ಈ ಮಾತಿಗೆ ಇತಿಹಾಸದ ಬೆಂಬಲ ಇಲ್ಲದಿಲ್ಲ. 2021ರ ಏಪ್ರಿಲ್‌ನಲ್ಲಿ ನಾಲ್ಕನೆಯ ಭಾಗಕ್ಕೆ 'ಲೆವಿಯಾಥನ್' ಎಂಬ ಡಿಎಲ್‌ಸಿ ಬಂದಾಗ ಅದರ ತುಂಬ ಎಷ್ಟು ದೋಷಗಳಿದ್ದವೆಂದರೆ, ಕೊಂಡವರು ಬೈದು ಬರೆದ ವಿಮರ್ಶೆಗಳ ರಾಶಿಯ ಮುಂದೆ ತಂಡದ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ಆಮೇಲೆ ಪ್ಯಾಚಿನ ಮೇಲೆ ಪ್ಯಾಚ್. ಪ್ಯಾಚ್ ಎಂದರೆ ತೇಪೆ. ಅದರ ಅರ್ಥವನ್ನು ನಮ್ಮ ಬೀದಿಯ ಡಾಂಬರು ನೋಡಿಕೊಂಡು ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ತೇಪೆ ಎಂದರೆ ನಮ್ಮ ಓಬವ್ವನದು" ಎಂದು ತಿಪ್ಪೇಸ್ವಾಮಿ ಎದ್ದು ನಿಂತ. "ಕೋಟೆಯ ಗೋಡೆಯಲ್ಲಿ ಒಂದು ಕಿಂಡಿ. ಅದು ಬಗ್, ಅಂದರೆ ದೋಷ. ಹೈದರಾಲಿಯ ಸೈನಿಕರಿಗೆ ಅದು ಸಿಕ್ಕಿತು. ಒಬ್ಬೊಬ್ಬರಾಗಿ ನುಸುಳಿದರು. ಓಬವ್ವ ಒನಕೆ ಹಿಡಿದು ನಿಂತಳು. ಅದೇ ದಿನ, ಅದೇ ಜಾಗದಲ್ಲಿ, ಪುಕ್ಕಟೆ."

ಇದಕ್ಕೆ ಯಾರೂ ಎದುರಾಡಲಿಲ್ಲ. 62ನೆಯ ಬಿಲ್ಲೆಯ ಅಜ್ಜ ಕೂಡ ತಲೆದೂಗಿದರು.

ನಮ್ಮ ಸಂಖ್ಯೆ ಬಂದಾಗ ಒಂಬತ್ತೂವರೆ. ಮೇಜು ಸಿಕ್ಕಿದ್ದು ಒಲೆಗೆ ಎದುರಾಗಿ. ಕಾದ ಕಾವಲಿಯ ಮೇಲೆ ಭಟ್ಟರು ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಒಂದೇ ಉಸಿರಿಗೆ ಆರು ದೋಸೆ ಹೊಯ್ದರು. ಹಿಟ್ಟು ಕಣ್ಣು ಬಿಟ್ಟಿತು. ಡಬರಿಯಿಂದ ಬಿಳಿಯ ಬೆಣ್ಣೆಯನ್ನು ಬೆರಳಲ್ಲಿ ತೆಗೆದು, ಒಂದೊಂದರ ಮೇಲೂ ಬೀಸಿ ಎಸೆದರು. ಅದು ಜಾರಿ, ಚುಂಯ್ ಎಂದು ಅಂಚಿಗೆ ಇಳಿದು, ಅಂಚು ಕೆಂಪಾಯಿತು. ಮಾತು ನಿಂತಿತು. ಅಷ್ಟು ಹೊತ್ತಿನಲ್ಲಿ ಅದೊಂದೇ ನಿಮಿಷ.

"ಐದು ಬೆಣ್ಣೆ ದೋಸೆ" ಎಂದು ರಫೀಕ್ ಸಪ್ಲೈಯರ್‌ಗೆ ಹೇಳಿದ.

"ಒಂದು ಖಾಲಿ ದೋಸೆ" ಎಂದ ಶಿವು, ನಮ್ಮೆಲ್ಲರನ್ನೂ ಒಮ್ಮೆ ನೋಡಿ. "ದುಡ್ಡಿನ ಬೆಲೆ ಗೊತ್ತಿರುವವರು ತಿನ್ನುವುದು ಅದನ್ನೇ. ಬರಿಯ ಆಟ. ಅಲಂಕಾರವಿಲ್ಲ."

ದೋಸೆಯ ಜೊತೆ ಚರ್ಚೆ ಮುಂದುವರಿಯಿತು. ನಾಲ್ಕನೆಯ ಭಾಗಕ್ಕೆ 2015ರಲ್ಲಿ 'ಕಾಮನ್ ಸೆನ್ಸ್' ಎಂಬ ಡಿಎಲ್‌ಸಿ ಬಂದಾಗ, ನಮ್ಮ ಪ್ರಾಂತವನ್ನು ನಾವೇ ಅಭಿವೃದ್ಧಿ ಮಾಡುವ ಗುಂಡಿಯನ್ನು ದುಡ್ಡು ಕೊಟ್ಟವರಿಗಷ್ಟೇ ಇಟ್ಟಿದ್ದರು. ದುಡ್ಡಿಲ್ಲದವರಿಗೆ ಅಭಿವೃದ್ಧಿ ಎಂಬ ಅಂಕಿ ಕಾಣಿಸುತ್ತಿತ್ತು, ಗುಂಡಿ ಇರಲಿಲ್ಲ. ಹೆಸರು ಸಾಮಾನ್ಯ ಜ್ಞಾನ, ಅದಕ್ಕೂ ಬೆಲೆ. "ನಮ್ಮ ವಾರ್ಡಿನಲ್ಲಿಯೂ ಅಂಕಿ ಕಾಣಿಸುತ್ತದೆ" ಎಂದು ಅಜ್ಜ ಪಕ್ಕದ ಮೇಜಿನಿಂದ ಹೇಳಿದರು.

"ಸ್ವಲ್ಪ ಪಲ್ಯ" ಎಂದು ಶಿವು ಸಪ್ಲೈಯರ್‌ನನ್ನು ಕರೆದ.

ಹೊಸ ಆಟದಲ್ಲಿ ಜನರನ್ನೇ ಲೆಕ್ಕ ಹಾಕುತ್ತಾರೆ: ರೈತರು, ಕೂಲಿಗಳು, ಪುರೋಹಿತರು, ಶ್ರೀಮಂತರು. ಹಿಂದಿನ ಭಾಗದಲ್ಲಿ ದೊರೆಯ ತಲೆಯಿಂದ ತಿಂಗಳಿಗಿಷ್ಟು ಅಂಕ ಉದುರುತ್ತಿತ್ತು, ಅದರಿಂದಲೇ ಎಲ್ಲ ಕೆಲಸ. ಈಗ ಜನ ಸತ್ತರೆ ತೆರಿಗೆ ಸಾಯುತ್ತದೆ, ದಂಡಿಗೆ ಆಳು ಸಿಗುವುದಿಲ್ಲ. ಶುರುವಾದ ಹತ್ತೇ ವರ್ಷಕ್ಕೆ ಯುರೋಪಿಗೆ ಮಹಾಮಾರಿ ಪ್ಲೇಗ್ ಬೇರೆ. ನನಗೆ ಆಸೆ ಹುಟ್ಟಿದ್ದು ಇಲ್ಲಿಯೇ. ಬಣ್ಣ ಹಚ್ಚುವ ಭೂಪಟಕ್ಕಿಂತ, ಒಳಗೆ ಜನ ಇರುವ ಭೂಪಟ ವಾಸಿ.

"ಇನ್ನೊಂದು ಚೂರು ಬೆಣ್ಣೆ" ಎಂದ ಶಿವು. "ಒಣಗಿದೆ."

ರಫೀಕ್ ಮಂಗಳವಾರ ಸಂಜೆ ಅಂಗಡಿ ಬೇಗ ಮುಚ್ಚುತ್ತಾನೆ. ಮೇಷ್ಟ್ರಿಗೆ ಮರುದಿನ ರಜೆ ಹಾಕಲಾಗದು, ಆದರೆ ಹೊಟ್ಟೆನೋವು ಬರುವ ಲಕ್ಷಣಗಳಿವೆ. ತಿಪ್ಪೇಸ್ವಾಮಿ ಕೊನೆಯ ಬಸ್ಸು ತಪ್ಪಿಸಿಕೊಳ್ಳಲಿದ್ದಾನೆ. ನಾನು ಮನೆಯಲ್ಲಿ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೆ.

"ಪಲ್ಯ ಮತ್ತೊಮ್ಮೆ. ಹಾಗೆಯೇ ಬೆಣ್ಣೆ."

ಬಿಲ್ಲು ಬಂದಾಗ ವೀಣಾ ಅಭ್ಯಾಸಬಲದಿಂದ ಸಾಲುಸಾಲಾಗಿ ಓದಿದಳು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದಳು. "ಬೆಣ್ಣೆ ದೋಸೆ ಐದು, ಸರಿ. ಖಾಲಿ ದೋಸೆ ಒಂದು. ಪಲ್ಯ ಎರಡು. ಬೆಣ್ಣೆ ಎರಡು. ಶಿವು, ನಿನ್ನದೊಂದೇ ನಮ್ಮ ಒಂದೊಂದಕ್ಕಿಂತ 25 ರೂಪಾಯಿ ಹೆಚ್ಚಾಗಿದೆ."

ಶಿವು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದ, ಬಿಲ್ಲೆ ನೋಡಿದ ಹಾಗೆಯೇ.

"ಆದರೂ" ಎಂದ ಅವನು, "ಯಾವುದೂ ಬಲವಂತವಿರಲಿಲ್ಲವಲ್ಲ" ಎಂದು ಹೇಳಿ, ಒಲೆಯ ಕಡೆಗೆ ಕೈ ಎತ್ತಿದ. "ಭಟ್ಟರೇ, ಇನ್ನೊಂದು ಖಾಲಿ."