ಸೈಪ್ರಸ್‌ನ ಕಮಾಂಡರಿಯಾ ವೈನ್: ಯಾವಾಗ ಹೋಗಬೇಕು, ಏನು ನೋಡಬೇಕು?

ಸರಸ್ವತಿಪುರಂ, ಮೈಸೂರು:
ಸೈಪ್ರಸ್‌ನಲ್ಲಿ ನಾಲ್ಕು ದಿನ ಇರ್ತೀವಿ. ಕಮಾಂಡರಿಯಾ ಮಾಡೋದನ್ನ ಕಣ್ಣಾರೆ ನೋಡಬೇಕು. ಯಾವ ತಿಂಗಳು, ಯಾವ ಊರು? ಸಕ್ಕರೆ ಹಾಕದೆ ಅಷ್ಟು ಸಿಹಿ ಹೇಗೆ? ಊರಿಗೆ ಎಷ್ಟು ಬಾಟಲಿ ತರಬಹುದು?

ಮಂಡ್ಯದ ಆಲೆಮನೆ:
ನಮ್ಮಲ್ಲಿ ಕೊಪ್ಪರಿಗೆ ಕೆಳಗಿನ ಬೆಂಕಿ ಮಾಡೋ ಕೆಲಸನ ಅಲ್ಲಿ ಬಿಸಿಲು ಮಾಡುತ್ತೆ, ಅಷ್ಟೇ. ಬಿಳಿ ಕ್ಸಿನಿಸ್ತೇರಿ, ಕಪ್ಪು ಮಾವ್ರೊ ಅಂತ ಎರಡೇ ದ್ರಾಕ್ಷಿ ತಳಿ. ಕೊಯ್ದ ಗೊಂಚಲನ್ನ ವಾರದಿಂದ ಹತ್ತು ದಿನ ಬಿಸಿಲಿಗೆ ಹರಡ್ತಾರೆ. ನೀರು ಆರಿ, ಲೀಟರ್ ರಸದಲ್ಲಿ ಸಕ್ಕರೆ 390ರಿಂದ 450 ಗ್ರಾಂ ಮುಟ್ಟುತ್ತೆ. ಹುಳಿ ಬರುವಾಗ ಆಲ್ಕೋಹಾಲ್ ಶೇ. 15ರ ಆಸುಪಾಸಿಗೆ ಬಂದರೆ, ಸಕ್ಕರೆನ ಆಲ್ಕೋಹಾಲ್ ಮಾಡೋ ಯೀಸ್ಟ್ ಸೋತು ನಿಲ್ಲುತ್ತೆ. ಉಳಿದ ಸಕ್ಕರೆಯೇ ಆ ಸಿಹಿ. ಒಣಗೋ ದಿನಗಳಲ್ಲಿ ಮಳೆ ಬಿದ್ದರೆ ಬೂಷ್ಟು ಹಿಡಿದು ಕೆಡುತ್ತೆ. ಆಮೇಲೆ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ.

ಕುವೆಂಪುನಗರ:
ಕೊಯ್ಲಿನ ಹೊತ್ತಿಗೆ, ಸೆಪ್ಟೆಂಬರ್ ನಡುವೆ ಹೋಗಿ ಸಾರ್. ಜುಲೈನಲ್ಲಿ ಹೋದರೆ ಬರೀ ಪೀಪಾಯಿ ನೋಡಿ ಬರ್ತೀರಿ. ಲಿಮಸೋಲ್‌ನಲ್ಲಿ ಉಳಿದು, ಬೆಟ್ಟದ ಮೇಲಿನ ಜೂಪಿಗಿ, ಕಾಲೊ ಹೋರಿಯೊ, ಲಾನಿಯಾ ನೋಡಿ. ಕಮಾಂಡರಿಯಾ ಅನ್ನೋ ಹೆಸರು ಬಳಸೋ ಹಕ್ಕಿರೋ 14 ಹಳ್ಳಿಗಳಲ್ಲಿ ಇವೂ ಸೇರಿವೆ. ಸಣ್ಣ ವೈನರಿಗಳಿಗೆ ಮೊದಲೇ ಫೋನ್ ಮಾಡಿ, ಕೊಯ್ಲಿನಲ್ಲಿ ಎಲ್ಲರೂ ತೋಟದಲ್ಲೇ ಇರ್ತಾರೆ. ಕೊಲೊಸ್ಸಿ ಕೋಟೆ ಬಿಡಬೇಡಿ: ಅಲ್ಲಿದ್ದ ನೈಟ್‌ಗಳ (ಮಧ್ಯಯುಗದ ಕ್ರೈಸ್ತ ಯೋಧರ) 'ಕಮಾಂಡರಿ', ಅಂದರೆ ಅವರ ಆಡಳಿತ ಕೇಂದ್ರದಿಂದಲೇ ವೈನಿಗೆ ಹೆಸರು. ವಾಹನ ನಮ್ಮ ಹಾಗೆ ಎಡಗಡೆ. ಓಡಿಸೋರು ರುಚಿ ನೋಡಿ ಉಗುಳಲಿ.

ಮಂಡ್ಯದ ಆಲೆಮನೆ:
ಸುಂಕವಿಲ್ಲದೆ ತಲೆಗೆ 2 ಲೀಟರ್. ಬಟ್ಟೆ ಸುತ್ತಿ ಚೆಕ್‌ಇನ್ ಬ್ಯಾಗಿಗೆ ಹಾಕಿ.