ಸಹಾಯ ಬೇಕು: ಹೈವೇಯಲ್ಲಿ ಕಾರಿನೊಳಗೆ ಗಾಳಿ ಸದ್ದು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ನಮ್ಮ ಕಾರಿನ ವೇಗ 80 ದಾಟಿದರೆ ಡ್ರೈವರ್ ಬಾಗಿಲಿನ ಮೇಲ್ಗಡೆ ಮೂಲೆಯಿಂದ ಸುಯ್ ಅಂತ ಸದ್ದು ಶುರುವಾಗುತ್ತದೆ. ಊರೊಳಗೆ ಏನೂ ಇಲ್ಲ. ಚಿತ್ರದುರ್ಗದ ಹತ್ತಿರ, ಗಾಳಿಯಂತ್ರಗಳಿರುವ ಗುಡ್ಡಗಳ ಕಡೆ ಅಡ್ಡಗಾಳಿ ಬೀಸಿದರೆ ಇನ್ನೂ ಜಾಸ್ತಿ. ಹಿಂದೆ ಕೂತ ಅಮ್ಮನ ಮಾತೇ ಕೇಳಿಸುವುದಿಲ್ಲ.

ಟೈರ್ ಸದ್ದಲ್ಲ. ಟೈರಾಗಿದ್ದರೆ ರಸ್ತೆ ಬದಲಾದಂತೆ ಸದ್ದೂ ಬದಲಾಗಬೇಕು, ಅಲ್ವಾ? ಇದು ಡಾಂಬರು, ಕಾಂಕ್ರೀಟ್ ಎರಡರ ಮೇಲೂ ಒಂದೇ ತರ.

ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ, ಮುಚ್ಚಿ, ಎಳೆದು ನೋಡಿದೆ. ಬೇರೆ ಕಡೆ ಬಿಗಿಯಾಗಿ ಹಿಡಿಯುತ್ತದೆ. ಆ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬರುತ್ತದೆ. ಆಮೇಲೆ ಸೈಡ್ ಮಿರರ್ ಬುಡ, ಮುಂದಿನ ಗಾಜಿನ ಅಂಚು, ಬಾಗಿಲಿನ ಸಂದು ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎಡಗಡೆಯಿಂದ ಹತ್ತಿ ಹೈವೇಗೆ ಹೋದೆ. ಸದ್ದು ಮಾಯ! ಟೇಪ್ ಒಂದೊಂದೇ ಕಿತ್ತೆ. ಬಾಗಿಲ ಮೂಲೆಯದನ್ನು ತೆಗೆದ ಕೂಡಲೇ ಮತ್ತೆ ಬಂತು.

ಅಲ್ಲಿನ ರಬ್ಬರ್ ಬೀಡಿಂಗ್ (ಬಾಗಿಲಿನ ಸಂದು ಮುಚ್ಚುವ ಪಟ್ಟಿ) ಹರಿದಿಲ್ಲ, ಸ್ವಲ್ಪ ಚಪ್ಪಟೆಯಾಗಿದೆ. ಗ್ಯಾರೇಜಿನವರು ಪೂರ್ತಿ ಬೀಡಿಂಗ್ ಬದಲಿಸಿ ಅನ್ನುತ್ತಾರೆ. ನನಗೇನೋ ಬಾಗಿಲೇ ಕೂದಲೆಳೆಯಷ್ಟು ಹೊರಗೆ ನಿಂತಂತೆ ಕಾಣುತ್ತದೆ. ಕಾರಿನ ಬಾಗಿಲ ಪಕ್ಕದ ಕಂಬದಲ್ಲಿರುವ, ಬಾಗಿಲು ಕಚ್ಚಿಕೊಳ್ಳುವ ಲಾಕ್ ಕೊಂಡಿಯನ್ನು ಸ್ವಲ್ಪ ಒಳಕ್ಕೆ ಸರಿಸಿದರೆ ಸಾಕೇ? ಅಥವಾ ಮೇಲಿನ ಫ್ರೇಮನ್ನೇ ಒಳಕ್ಕೆ ಒತ್ತಬೇಕೇ? ಅದನ್ನು ಸುಮ್ನೆ ಯಾರ ಕೈಗೋ ಕೊಡಲು ಭಯ.

ಇದೇ ತೊಂದರೆ ಸರಿಮಾಡಿಸಿಕೊಂಡವರು ದಯವಿಟ್ಟು ಹೇಳಿ. ದಾವಣಗೆರೆ, ಚಿತ್ರದುರ್ಗದಲ್ಲಿ ಬಾಗಿಲು ಕೂರಿಸುವುದರಲ್ಲಿ ಪಳಗಿದ ಟಿಂಕರಿಂಗ್ ಮೇಸ್ತ್ರಿ ಗೊತ್ತಿದ್ದರೂ ತಿಳಿಸಿ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಗಾಳಿ ನುಗ್ಗುವ ಸಂದಿನಲ್ಲಿ ನೀರೂ ನುಗ್ಗಬಹುದು.