ವೈರ್‌ಮನ್ ಪರ್ಮಿಟ್ ಇದ್ದರೆ ಮನೆ ವೈರಿಂಗ್ ನಾನೇ ಒಪ್ಕೋಬಹುದಾ? (ದಾವಣಗೆರೆ)

ಹೊಸ ಪರ್ಮಿಟ್:
ಅಣ್ಣಾರೆ, ವೈರ್‌ಮನ್ ಪರ್ಮಿಟ್ ಕೈಗೆ ಬಂದಿದೆ, ಕಂಟ್ರಾಕ್ಟರ್ ಲೈಸೆನ್ಸ್ ಇಲ್ಲ. ವಿದ್ಯಾನಗರದ ಕಡೆ ಒಂದು ಡಬಲ್ ಬೆಡ್‌ರೂಮ್ ಮನೆ ನನಗೇ ಕೊಡ್ತೀವಿ ಅಂತಿದ್ದಾರೆ. ಬೆಸ್ಕಾಂಗೆ ಕೊಡೋ ಕಂಪ್ಲೀಷನ್ ರಿಪೋರ್ಟ್‌ಗೆ (ಕೆಲಸ ಮುಗಿಸಿ ಟೆಸ್ಟ್ ಮಾಡಿದ್ದೀವಿ ಅನ್ನೋ ಕಾಗದ) ಲೈಸೆನ್ಸ್ ಇರೋರ ಹತ್ರ ಸಹಿ ಹಾಕಿಸಿದ್ರಾಯ್ತು ಅಂತಾರೆ. ಹಂಗೆ ಮಾಡಬಹುದಾ? ಸಣ್ಣಪುಟ್ಟ ರಿಪೇರಿಗೂ ಲೈಸೆನ್ಸ್ ಬೇಕಾ?

ಲೈನ್ ಕ್ಲಿಯರ್:
ಕೊನೇ ಪ್ರಶ್ನೆ ಮೊದಲು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಒಳಗಿನ ಮನೆ ಉಪಕರಣ, ಇವನ್ನ ಇದ್ದಂಗೇ ಬದಲಾಯಿಸೋಕೆ ಲೈಸೆನ್ಸ್ ಬೇಡ. ಲೈಟ್ ಸರ್ಕ್ಯೂಟ್‌ನಿಂದ ಎಳೆದು ಗೀಸರ್ ಪಾಯಿಂಟ್ ಕೊಟ್ಟೆ ಅನ್ನು, ಅದು ರಿಪೇರಿ ಅಲ್ಲ, ಇನ್‌ಸ್ಟಲೇಷನ್ ಬದಲಾವಣೆ.

ಹೊಸ ಕೆಲಸ, ಸೇರ್ಪಡೆ, ಮಾರ್ಪಾಡಿಗೆ ಮೂರು ಕಾಗದ ಒಟ್ಟಿಗೆ ಬೇಕು: ಒಪ್ಪಿಕೊಳ್ಳೋದು ಲೈಸೆನ್ಸ್ ಇರೋ ಕಂಟ್ರಾಕ್ಟರ್, ಮೇಲ್ವಿಚಾರಣೆ ಸೂಪರ್‌ವೈಸರ್ ಸರ್ಟಿಫಿಕೇಟ್ ಇರೋರದು, ಕೈಕೆಲಸ ಪರ್ಮಿಟ್ ಇರೋರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮದಲ್ಲೂ ಇದೇ ಇತ್ತು, 2023ರಲ್ಲಿ ಹೊಸ ನಿಯಮ ಬಂದ ಮೇಲೂ ಇದೇ. ನಿನ್ನ ಪರ್ಮಿಟ್ ಮೂರನೇದು ಮಾತ್ರ, ತಮ್ಮಾ.

ಬಾಡಿಗೆ ಸಹಿ ಬಗ್ಗೆ: ಸಹಿ ಹಾಕಿದವರು "ಕೆಲಸ ನನ್ನದು, ಟೆಸ್ಟ್ ನಾನು ಮಾಡಿದೆ" ಅಂತ ಬರೆದುಕೊಟ್ಟಂಗೆ. ನಾಳೆ ಯಾರಿಗಾದ್ರೂ ಶಾಕ್ ಹೊಡೆದ್ರೆ ವಿದ್ಯುತ್ ಪರಿವೀಕ್ಷಣಾಲಯದವರು ಮೊದಲು ನೋಡೋದೇ ಆ ರಿಪೋರ್ಟು. ಸಹಿ ಹಾಕಿದವರು ಸಿಕ್ಕಿಬೀಳ್ತಾರೆ, ವೈರಿಂಗ್ ಪೈಪು ಹಾಕಿದ ನೀನೂ ತಪ್ಪಿಸಿಕೊಳ್ಳಲ್ಲ. ಪೈಪು ಹಾಕೋಕೆ ಮುಂಚೆನೇ ಒಬ್ಬ ಕಂಟ್ರಾಕ್ಟರ್ ಕೆಳಗೆ ಸೇರ್ಕೊ. ಲೈಸೆನ್ಸ್ ಅವಧಿ ಮುಗಿದಿಲ್ಲ ಅಂತ ಕಣ್ಣಾರೆ ನೋಡು.

ದುರ್ಗದ ಮೆಗ್ಗರ್:
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ರಿಪೋರ್ಟಿನ ಅಂಕಿ ಊಹೆ ಮಾಡಿ ತುಂಬೋದು ಸಹಿಗಿಂತ ದೊಡ್ಡ ರೋಗ.

ಇನ್ಸುಲೇಷನ್ ಟೆಸ್ಟ್, ಅಂದ್ರೆ ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ಮೆಗ್ಗರ್ ಅನ್ನೋ ಮೀಟರಲ್ಲಿ ನೋಡೋದು, 500 ವೋಲ್ಟ್ ಡಿಸಿಯಲ್ಲಿ, ಒಂದು ನಿಮಿಷ. ಮೇನ್ ಆಫ್, ಬಲ್ಬು ಬಿಚ್ಚಿರಬೇಕು, ಸ್ವಿಚ್ಚೆಲ್ಲ ಆನ್. ಎಲ್‌ಇಡಿ ಡ್ರೈವರ್, ಫ್ಯಾನ್ ರೆಗ್ಯುಲೇಟರ್ ಬೇರೆ ಮಾಡದೆ ಫೇಸ್-ನ್ಯೂಟ್ರಲ್ ನಡುವೆ ಮೆಗ್ಗರ್ ತಿರುಗಿಸಿದ್ರೆ ಅವು ಸುಟ್ಟುಹೋಗಬಹುದು. ರೀಡಿಂಗ್ ಕನಿಷ್ಠ 1 ಮೆಗಾಓಮ್ ಬರಬೇಕು. ಆದರೆ ಹೊಸ ವೈರಿನಲ್ಲಿ 2–3 ಮಾತ್ರ ಬಂದ್ರೆ ಪಾಸ್ ಅಂತ ಖುಷಿ ಪಡಬೇಡಿ. ಕ್ಯೂರಿಂಗ್ ನೀರು ಪೈಪಲ್ಲಿ ನಿಂತಿರುತ್ತೆ, ಇಲ್ಲ ಬಾಕ್ಸ್ ಸ್ಕ್ರೂ ವೈರ್ ಕೆರೆದಿರುತ್ತೆ.

ಅರ್ಥಿಂಗ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ) ನಮ್ಮ ಕಡೆ ದೊಡ್ಡ ತಲೆನೋವು. ದಾವಣಗೆರೆ ಸುತ್ತಿನ ಕಪ್ಪು ಮಣ್ಣು ಹಸಿ ಹಿಡಿಯುತ್ತೆ, ಚಿತ್ರದುರ್ಗದ ಬಂಡೆ ಹಿಡಿಯಲ್ಲ, ಅದಕ್ಕೇ ಅಲ್ಲಿ ಅರ್ತ್ ಓಮ್ ಜಾಸ್ತಿ ಬರುತ್ತೆ. ಲೆಕ್ಕ ಹಾಕಿ: ಅರ್ತ್ 20 ಓಮ್ ಇದ್ದು ಗೀಸರಿನ ಲೋಹದ ಮೈಗೆ ಫೇಸ್ ವೈರ್ ತಗುಲಿದ್ರೆ ಹರಿಯೋದು ಹೆಚ್ಚೆಂದರೆ 230 ವೋಲ್ಟ್ ಭಾಗಿಸು 20 ಓಮ್, ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿಗೆ (ಲೋಡು ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಅದು ಮಾಮೂಲಿ ಲೋಡು, ಟ್ರಿಪ್ ಆಗೋದೇ ಇಲ್ಲ. 5 ಓಮ್ ಇದ್ರೂ 46 ಆಂಪಿಯರ್, ಸಿ ಕರ್ವ್ ಅನ್ನೋ ಮಾದರಿಯ ಅದೇ 16ರ ಎಂಸಿಬಿ ಥಟ್ಟನೆ ಬೀಳೋಕೆ 80ರಿಂದ 160 ಆಂಪಿಯರ್ ಬೇಕು. ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದ್ರೂ ಆಫ್ ಮಾಡೋ ಸ್ವಿಚ್ಚು) ಹಾಕಲೇಬೇಕು. ಅದಿದೆ ಅಂತ ಅರ್ಥಿಂಗ್ ಬಿಡೋ ಹಂಗೂ ಇಲ್ಲ. ಬಂಡೆ ಇದ್ರೆ ಎರಡನೇ ಅರ್ತ್ ಗುಂಡಿ ತೆಗೆಸಿ. ಎರಡೂವರೆ ಮೀಟರ್ ಅರ್ತ್ ಪೈಪಾದರೆ ಎರಡರ ನಡುವೆ 5 ಮೀಟರ್ ಅಂತರ ಇರಲಿ. ಹತ್ತಿರ ಹೂತ್ರೆ ಅರ್ಧ ದುಡ್ಡು ಮಣ್ಣುಪಾಲು.

ಹೊಸ ಪರ್ಮಿಟ್:
ಆರ್‌ಸಿಸಿಬಿ ಹಾಕಿದ್ರೆ ಸುಮ್ನೆ ಟ್ರಿಪ್ ಆಗುತ್ತೆ ಅಂತ ಮಾಲೀಕರು ಬೇಡ ಅಂತಾರಲ್ಲ?

ದುರ್ಗದ ಮೆಗ್ಗರ್:
ಅದು ಸುಮ್ನೆ ಬೀಳಲ್ಲ. ಹೊಸ ಮನೆಯಲ್ಲಿ ಹೆಚ್ಚಿನ ಸಲ ಒಂದೋ ನ್ಯೂಟ್ರಲ್ಲು ಅರ್ತ್‌ಗೆ ತಗುಲಿರುತ್ತೆ, ಇಲ್ಲ ಎರಡು ಆರ್‌ಸಿಸಿಬಿಯ ನ್ಯೂಟ್ರಲ್ ಒಂದೇ ಬಾರ್‌ಗೆ (ವೈರುಗಳನ್ನ ಒಟ್ಟಿಗೆ ಸಿಗಿಸೋ ಪಟ್ಟಿ) ಸೇರಿರುತ್ತೆ. ಪ್ರತಿ ಆರ್‌ಸಿಸಿಬಿಗೆ ಬೇರೆ ನ್ಯೂಟ್ರಲ್ ಬಾರ್ ಕೊಡಿ. ಆಮೇಲೂ ಬಿದ್ರೆ ಎಂಸಿಬಿ ಒಂದೊಂದೇ ಆನ್ ಮಾಡ್ತಾ ಹುಡುಕಿ. ಎಲ್ಲಾ ಎಂಸಿಬಿ ಆಫ್ ಇದ್ರೂ ಬಿದ್ರೆ ನ್ಯೂಟ್ರಲ್ಲೇ ಕಳ್ಳ, ಬಾರ್‌ನಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ ನೋಡಿ. ಟೆಸ್ಟ್ ಬಟನ್ ಒತ್ತಿದ್ರೆ ಬಿತ್ತು ಅಂದ್ರೆ ಅದರ ಮೆಕ್ಯಾನಿಸಂ ಸರಿ ಇದೆ ಅಂತಷ್ಟೇ ಅರ್ಥ, ಅರ್ಥಿಂಗ್ ಸರಿ ಇದೆ ಅಂತ ಅಲ್ಲ.

ಲೈನ್ ಕ್ಲಿಯರ್:
ಮಾಲೀಕರು ಬೇಡ ಅಂದ್ರು ಅಂತ ಬಿಡೋ ಹಕ್ಕು ಕಂಟ್ರಾಕ್ಟರ್‌ಗೂ ಇಲ್ಲ. ಹಾಕಿಸಲ್ಲ ಅಂದ್ರೆ ಆ ರಿಪೋರ್ಟಿಗೆ ಸಹಿ ಹಾಕಬಾರದು, ನೀನು ಆ ಮನೆ ಕೆಲಸ ಹಿಡಿಯಬಾರದು.